ಅನ್ನ, ಉಪವಾಸ ಮತ್ತು ಶರ್ಕರಪಿಷ್ಟ
(ಚಾತುರ್ಮಾಸ್ಯದ ಉಪನ್ಯಾಸಮಾಲೆಯಲ್ಲಿ ಸಾದರಪಡಿಸಿದ ಉಪನ್ಯಾಸದ ಬರಹರೂಪ)

॥ ಶ್ರೀಗುರುಭ್ಯೋ ನಮಃ ॥



ಅನ್ನಕ್ಕೆ ಸಲ್ಲಬೇಕಾದ ಗೌರವವನ್ನು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು ವಿಧಿಸಿದೆ. ಪ್ರಾಣಿಗಳ ಜಠರದಲ್ಲಿ ವೈಶ್ವಾನರನಾಗಿ ನಿಂತು ಆಹಾರವನ್ನು ಪಚನಗೊಳಿಸುವವನು ಭಗವಂತನೇ ಎಂಬುದನ್ನು ಗೀತೆಯ ಹದಿನೈದನೆಯ ಅಧ್ಯಾಯವು ತಿಳಿಸಿದೆ. ಆದುದರಿಂದ ಮಾಧ್ವ ಗೃಹಸ್ಥನಿಗೆ ಊಟವೆಂಬುದು ಹಸಿವನ್ನು ನೀಗಿಕೊಳ್ಳುವ ಕ್ರಿಯೆ ಮಾತ್ರವಲ್ಲ; ಅದು ನೈವೇದ್ಯದಿಂದ ಆರಂಭವಾಗಿ ಪರಿಷೇಚನ, ಪ್ರಾಣಾಹುತಿಗಳ ಮೂಲಕ ಸಾಗುವ ಒಂದು ಕರ್ಮ.

ಇಂತಹ ಅನ್ನದ ವಿಷಯದಲ್ಲಿಯೇ ಇಂದು ಮುಂಬಯಿಯ ಮನೆಮನೆಗಳಲ್ಲಿ ಗೊಂದಲ ಹುಟ್ಟಿಕೊಂಡಿದೆ. ರಕ್ತಪರೀಕ್ಷೆಯ ವರದಿಯನ್ನು ನೋಡಿದ ವೈದ್ಯರು ಅನ್ನವನ್ನು ಕಡಿಮೆ ಮಾಡಿ ಎನ್ನುತ್ತಾರೆ. ಅನ್ನ ಬಿಟ್ಟರೆ ಊಟವೆಂದು ಹೇಗೆ ಹೇಳುವುದು ಎಂದು ಮನೆಯ ಅಜ್ಜಿ ಕೇಳುತ್ತಾರೆ. ಕಾರ್ಬೋಹೈಡ್ರೇಟ್ ಎಂಬುದೇ ವಿಷವೆಂದು ಮೊಬೈಲಿನಲ್ಲಿ ಓದಿದ ಮೊಮ್ಮಗ ವಾದಿಸುತ್ತಾನೆ. ಇವರಲ್ಲಿ ಪ್ರತಿಯೊಬ್ಬರ ಮಾತಿನಲ್ಲಿಯೂ ಒಂದಂಶ ಸತ್ಯವಿದೆ; ಪೂರ್ಣ ಸತ್ಯ ಯಾರಲ್ಲಿಯೂ ಇಲ್ಲ. ಕಾರ್ಬೋಹೈಡ್ರೇಟ್, ಅಂದರೆ ಶರ್ಕರಪಿಷ್ಟ, ದೇಹಕ್ಕೆ ಶತ್ರುವಲ್ಲ. ಅದರ ಆಯಕ್ಕೂ ವ್ಯಯಕ್ಕೂ ಹಿಂದೆ ಇದ್ದ ಹೊಂದಾಣಿಕೆಯು ನಗರಜೀವನದಲ್ಲಿ ತಪ್ಪಿಹೋಗಿರುವುದೇ ಈಗಿನ ತೊಂದರೆಗೆ ಮುಖ್ಯ ಕಾರಣ. ಆ ಹೊಂದಾಣಿಕೆಯನ್ನು ಮರಳಿ ತರುವ ದಾರಿ ಹಿರಿಯರ ಬಾಳೆಲೆಯಲ್ಲಿಯೂ ಇದೆ, ವ್ರತನಿಯಮಗಳಲ್ಲಿಯೂ ಇದೆ. ಆದರೆ ಆ ದಾರಿಯಲ್ಲಿ ನಡೆಯುವವನು ತನ್ನ ದೇಹಸ್ಥಿತಿಯನ್ನು ಅರಿತು ನಡೆಯಬೇಕು. ಈ ಉಪನ್ಯಾಸದ ತಾತ್ಪರ್ಯ ಇಷ್ಟೇ.

ಶರ್ಕರಪಿಷ್ಟವೆಂದರೇನು?

ಹಸುರೆಲೆಯು ಸೂರ್ಯನ ಬೆಳಕು, ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಮತ್ತು ಬೇರು ಹೀರಿದ ನೀರು ಇವುಗಳಿಂದ ಸಕ್ಕರೆಯನ್ನು ತಯಾರಿಸುತ್ತದೆ. ಬತ್ತದ ತೆನೆಯಲ್ಲಿ, ಗೋಧಿಯ ಕಾಳಿನಲ್ಲಿ, ಸುವರ್ಣಗೆಡ್ಡೆಯಲ್ಲಿ ಕೂಡಿಟ್ಟುಕೊಂಡಿರುವುದು ಆ ಸೌರಶಕ್ತಿಯನ್ನೇ. ಇಂಗಾಲ, ಜಲಜನಕ ಮತ್ತು ಆಮ್ಲಜನಕಗಳಿಂದಾದ ಈ ವಸ್ತುಗಳ ಸಮೂಹಕ್ಕೆ ಶರ್ಕರಪಿಷ್ಟಗಳೆಂದು ಹೆಸರು.

ಇವುಗಳಲ್ಲಿ ಮೂರು ಬಗೆಗಳುಂಟು. ಮೊದಲನೆಯದು ಒಂಟಿ ಸಕ್ಕರೆಗಳು: ಗ್ಲೂಕೋಸ್, ಹಣ್ಣು ಮತ್ತು ಜೇನಿನಲ್ಲಿರುವ ಫ್ರಕ್ಟೋಸ್, ಹಾಲಿನ ಸಕ್ಕರೆಯ ಅಂಗವಾದ ಗ್ಯಾಲಕ್ಟೋಸ್. ಎರಡನೆಯದು ಜೋಡಿ ಸಕ್ಕರೆಗಳು: ಕಬ್ಬಿನ ಸಕ್ಕರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳ ಜೋಡಿ, ಹಾಲಿನ ಲ್ಯಾಕ್ಟೋಸ್ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್‌ಗಳ ಜೋಡಿ. ಮೂರನೆಯದು ಸರಪಳಿ ರೂಪದವು. ಅಕ್ಕಿ, ಗೋಧಿ, ರಾಗಿ, ಬಟಾಟೆಗಳ ಪಿಷ್ಟವು ಸಾವಿರಾರು ಗ್ಲೂಕೋಸ್ ಕಣಗಳನ್ನು ಪೋಣಿಸಿದ ಮಾಲೆ. ಸೊಪ್ಪು ಮತ್ತು ಸಿಪ್ಪೆಗಳಲ್ಲಿರುವ ಸೆಲ್ಯುಲೋಸ್ ಕೂಡ ಗ್ಲೂಕೋಸಿನ ಮಾಲೆಯೇ. ಆದರೆ ಅದರ ಗಂಟುಗಳನ್ನು ಬಿಚ್ಚುವ ಕಿಣ್ವ ಮನುಷ್ಯನಲ್ಲಿಲ್ಲ. ಗೋವು ಹುಲ್ಲು ತಿಂದು ಜೀವಿಸುವುದು ತನ್ನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳ ಬಲದಿಂದ. ಮನುಷ್ಯನಿಗೆ ಅದೇ ವಸ್ತು ನಾರಾಗಿ ಉಳಿದು ಬೇರೊಂದು ರೀತಿಯಲ್ಲಿ ಉಪಕಾರ ಮಾಡುತ್ತದೆ.

ಒಂದು ಗ್ರಾಂ ಶರ್ಕರಪಿಷ್ಟದಿಂದ ದೊರೆಯುವ ಶಕ್ತಿ ಸುಮಾರು 4 ಕ್ಯಾಲೊರಿ. ಪ್ರೋಟೀನಿನಿಂದಲೂ ಅಷ್ಟೇ, ಕೊಬ್ಬಿನಿಂದ 9. ಹೀಗಿದ್ದರೂ ದೇಹವು ಮೊದಲು ಕೈಚಾಚುವುದು ಗ್ಲೂಕೋಸಿನ ಕಡೆಗೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ಇರುವ ಮೆದುಳು ದಿನವೊಂದಕ್ಕೆ ಸುಮಾರು 120 ಗ್ರಾಂ ಗ್ಲೂಕೋಸನ್ನು ಬಳಸುತ್ತದೆ. ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರ ಶಿಫಾರಸಿನಲ್ಲಿ ವಯಸ್ಕರಿಗೆ ದಿನಕ್ಕೆ 130 ಗ್ರಾಂ ಶರ್ಕರಪಿಷ್ಟವನ್ನು ನಿಗದಿಪಡಿಸಿರುವುದರ ಹಿಂದೆ ಮೆದುಳಿನ ಈ ಅವಶ್ಯಕತೆ ಇದೆ.

ಎಲೆಯಿಂದ ರಕ್ತದವರೆಗೆ

ಅನ್ನದ ತುತ್ತನ್ನು ನಿಧಾನವಾಗಿ ಅಗಿದಾಗ ಅದು ಸಿಹಿಯಾಗುವುದನ್ನು ಎಲ್ಲರೂ ಬಲ್ಲರು. ಲಾಲಾರಸದಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟದ ಮಾಲೆಯನ್ನು ಬಾಯಿಯಲ್ಲಿಯೇ ತುಂಡರಿಸಲು ತೊಡಗುತ್ತದೆ. ಜಠರದ ಆಮ್ಲದಲ್ಲಿ ಈ ಕಾರ್ಯ ನಿಂತು, ಸಣ್ಣಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ರಸದಿಂದ ಮತ್ತೆ ಮುಂದುವರಿಯುತ್ತದೆ. ಕೊನೆಗೆ ಗ್ಲೂಕೋಸಾಗಿ ಕರುಳಿನ ಗೋಡೆಯನ್ನು ದಾಟಿ ರಕ್ತವನ್ನು ಸೇರುತ್ತದೆ.

ಇಲ್ಲಿ ಗಮನಿಸಬೇಕಾದ ವಿಸ್ಮಯವೊಂದುಂಟು. ಆರೋಗ್ಯವಂತ ವಯಸ್ಕನ ಐದು ಲೀಟರು ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಗ್ಲೂಕೋಸು ಸುಮಾರು 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು. ಊಟದಲ್ಲಿ ಬರುವುದಾದರೋ ಇದರ ಹದಿನೈದು ಇಪ್ಪತ್ತು ಪಟ್ಟು. ಈ ಪ್ರವಾಹವನ್ನು ರಕ್ತದಲ್ಲಿ ನಿಲ್ಲಗೊಡದೆ ಜೀವಕೋಶಗಳಿಗೆ ಸಾಗಿಸಲು ಮೇದೋಜೀರಕ ಗ್ರಂಥಿಯು ಇನ್ಸುಲಿನನ್ನು ಸ್ರವಿಸುತ್ತದೆ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ಇದನ್ನು ಬೇರ್ಪಡಿಸುವವರೆಗೆ, ಇನ್ಸುಲಿನ್ ಬತ್ತಿಹೋದ ಮಕ್ಕಳಿಗೆ ಬದುಕುವ ದಾರಿಯೇ ಇರಲಿಲ್ಲ.

ರಕ್ತದಿಂದ ಹೊರಟ ಗ್ಲೂಕೋಸಿನಲ್ಲಿ ಸ್ವಲ್ಪ ಭಾಗ ಕೂಡಲೇ ಖರ್ಚಾಗುತ್ತದೆ. ಇನ್ನೊಂದು ಭಾಗ ಗ್ಲೈಕೋಜನ್ ಎಂಬ ರೂಪ ತಾಳಿ ಕಣಜ ಸೇರುತ್ತದೆ. ಯಕೃತ್ತಿನ ಕಣಜದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 300ರಿಂದ 400 ಗ್ರಾಂ ಹಿಡಿಸುತ್ತದೆ. ಸ್ನಾಯುವಿನ ಕಣಜ ಸ್ನಾಯುವಿಗೇ ಮೀಸಲು. ಮೆದುಳಿಗೂ ಉಳಿದ ಅಂಗಗಳಿಗೂ ಉಣಿಸುವುದು ಯಕೃತ್ತಿನ ಕಣಜ. ಈ ಎರಡು ಕಣಜಗಳೂ ತುಂಬಿದ ಮೇಲೆ ಬಂದದ್ದು ಕೊಬ್ಬಾಗುತ್ತದೆ. ಕೊಬ್ಬಿನ ಕಣಜಕ್ಕೆ ಮಾತ್ರ ಮಿತಿಯಿಲ್ಲ.

ದಶಮಿಯಿಂದ ದ್ವಾದಶಿಯವರೆಗೆ

ಶ್ರೀಮದಾನಂದತೀರ್ಥ ಭಗವತ್ಪಾದರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಯ ಉಪವಾಸದ ಮಹತ್ತ್ವವನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ದಶಮಿಯಂದು ಒಪ್ಪೊತ್ತು, ಏಕಾದಶಿಯಂದು ನಿರಾಹಾರ, ದ್ವಾದಶಿಯ ಪ್ರಾತಃಕಾಲದಲ್ಲಿ ಪಾರಣೆ, ಅಂದು ರಾತ್ರಿ ಮತ್ತೆ ಊಟವಿಲ್ಲ. ಹೀಗೆ ಇದು ಮೂರು ದಿನಗಳ ವ್ರತ. ದಶಮಿಯ ಮಧ್ಯಾಹ್ನ ಒಂದು ಗಂಟೆಗೆ ಊಟ ಮುಗಿಸಿದವರು ದ್ವಾದಶಿಯ ಬೆಳಗ್ಗೆ ಏಳು ಗಂಟೆಗೆ ಪಾರಣೆ ಮಾಡಿದರೆ ನಡುವಿನ ಅವಧಿ 42 ಗಂಟೆಗಳು.

ಈ ಅವಧಿಯಲ್ಲಿ ದೇಹದೊಳಗೆ ನಡೆಯುವುದೇನು? ದಶಮಿಯ ರಾತ್ರಿಯೆಲ್ಲ ಯಕೃತ್ತು ತನ್ನ ಕಣಜದಿಂದ ಗ್ಲೂಕೋಸನ್ನು ಒದಗಿಸುತ್ತದೆ. ಸುಮಾರು ಒಂದು ದಿನದಲ್ಲಿ, ಅಂದರೆ ಏಕಾದಶಿಯ ಮಧ್ಯಾಹ್ನದ ಹೊತ್ತಿಗೆ, ಆ ಕಣಜ ಬಹುಮಟ್ಟಿಗೆ ಬರಿದಾಗುತ್ತದೆ. ಅಷ್ಟರಲ್ಲಿ ಯಕೃತ್ತು ಪ್ರೋಟೀನಿನ ಘಟಕಗಳಿಂದಲೂ ಕೊಬ್ಬಿನ ಒಂದು ಅಂಶದಿಂದಲೂ ಹೊಸದಾಗಿ ಗ್ಲೂಕೋಸನ್ನು ತಯಾರಿಸತೊಡಗಿರುತ್ತದೆ. ಜತೆಗೆ ಕೊಬ್ಬು ಕರಗಿ ಕೀಟೋನುಗಳೆಂಬ ಇಂಧನವಾಗಿ ಪರಿಣಮಿಸುತ್ತದೆ. ಮೆದುಳು ಅದನ್ನೂ ಸ್ವಲ್ಪಸ್ವಲ್ಪವಾಗಿ ಬಳಸಲು ಆರಂಭಿಸುತ್ತದೆ. ಆದುದರಿಂದ ಆರೋಗ್ಯವಂತನಾದವನಿಗೆ ಈ ಉಪವಾಸದಿಂದ ಹಾನಿಯಿಲ್ಲ. ತುಂಬಿಸುವುದನ್ನಷ್ಟೇ ಅಭ್ಯಾಸ ಮಾಡಿಕೊಂಡ ಕಣಜವನ್ನು ಹದಿನೈದು ದಿನಗಳಿಗೊಮ್ಮೆ ಬರಿದುಮಾಡುವ ವ್ಯವಸ್ಥೆ ಇದು ಎಂದರೂ ತಪ್ಪಾಗದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಜೀವಕೋಶಗಳು ತಮ್ಮ ಜೀರ್ಣಭಾಗಗಳನ್ನು ತಾವೇ ಅರಗಿಸಿಕೊಳ್ಳುವ ಕ್ರಿಯೆಯ ಸಂಶೋಧನೆಗಾಗಿ ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಏಕಾದಶಿಯ ಮಹಿಮೆ ಇದರಿಂದ ಸಿದ್ಧವಾಯಿತೆಂಬ ಸಂದೇಶಗಳು ಮೊಬೈಲಿನಲ್ಲಿ ಹರಿದಾಡುತ್ತಿವೆ. ಓಸುಮಿಯವರ ಆ ಮೂಲ ಸಂಶೋಧನೆ ನಡೆದದ್ದು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಮೇಲೆ. ಏಕಾದಶಿಗೂ ಅದಕ್ಕೂ ನೇರವಾದ ಸಂಬಂಧವಿಲ್ಲ. ವ್ರತವನ್ನು ಆಚರಿಸುವುದು ಹರಿಪ್ರೀತಿಗಾಗಿ. ಅದಕ್ಕೆ ಪ್ರಶಸ್ತಿಯ ಆಸರೆ ಬೇಡ; ವಿಜ್ಞಾನದ ಹೆಸರಿನಲ್ಲಿ ಅತಿಶಯೋಕ್ತಿಯೂ ಬೇಡ.

ಮುಂಬಯಿ ಬದಲಾಯಿತು, ಎಲೆ ಬದಲಾಗಲಿಲ್ಲ

ಕೊಂಕಣ ರೈಲ್ವೆಯು 1998ರಲ್ಲಿ ಪೂರ್ಣವಾಗಿ ತೆರೆಯುವುದಕ್ಕೆ ಎಷ್ಟೋ ದಶಕಗಳ ಹಿಂದೆಯೇ, ಉಡುಪಿ ಸೀಮೆಯ ತರುಣರು ಕರಾವಳಿಯ ಹಡಗು ಹತ್ತಿ ಮುಂಬಯಿಗೆ ಬಂದರು. ಹೋಟೆಲಿನಲ್ಲಿ ಬೆಳಗಿನ ಜಾವ ಎದ್ದು ಹಿಟ್ಟು ರುಬ್ಬಿ, ನೀರು ಹೊತ್ತು, ರಾತ್ರಿಯವರೆಗೆ ನಿಂತೇ ದುಡಿದರು. 1942ರಲ್ಲಿ ಎ. ರಾಮ ನಾಯಕರು ಮಾಟುಂಗದ ರೈಲು ನಿಲ್ದಾಣದ ಬಳಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಭೋಜನಾಲಯಗಳು ಇಂಥ ದುಡಿಮೆಯ ನಗರಕ್ಕೆ ಹೊಟ್ಟೆ ತುಂಬ ಅನ್ನವನ್ನು ನೀಡಿದವು. 1943ರಲ್ಲಿ ಮುಂಬಯಿಯಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದ ಕಾಲದಲ್ಲಿ ಒಂದು ಸೇರು ಅಕ್ಕಿಯ ಬೆಲೆ ಏನೆಂಬುದನ್ನು ಆ ತಲೆಮಾರು ಚೆನ್ನಾಗಿ ಅರಿತಿತ್ತು. ಮೈಮುರಿದು ದುಡಿಯುವ ದೇಹಕ್ಕೆ ಮೂರು ಬಾರಿ ಬಡಿಸಿದ ಅನ್ನವೂ ಭಾರವಾಗಲಿಲ್ಲ. ಸಂಜೆಯೊಳಗೆ ಕಣಜ ಬರಿದಾಗುತ್ತಿತ್ತು.

ಅವರ ಮೊಮ್ಮಕ್ಕಳು ಇಂದು ಡೊಂಬಿವಲಿಯಲ್ಲಿಯೋ ಮೀರಾರೋಡಿನಲ್ಲಿಯೋ ನೆರೂಳಿನಲ್ಲಿಯೋ ವಾಸವಾಗಿದ್ದಾರೆ. ಲಿಫ್ಟಿನಲ್ಲಿ ಇಳಿದು, ರಿಕ್ಷಾ ಹಿಡಿದು, ಲೋಕಲ್ ಗಾಡಿಯಲ್ಲಿ ನಿಂತು, ಕಚೇರಿಯ ಗಣಕಯಂತ್ರದ ಮುಂದೆ ಒಂಬತ್ತು ಗಂಟೆ ಕುಳಿತು, ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ. ದಣಿವೇನೋ ವಿಪರೀತವಾಗಿರುತ್ತದೆ, ಆದರೆ ಸ್ನಾಯುವಿನ ಕಣಜ ಬರಿದಾಗುವಂತಹ ದುಡಿಮೆ ನಡೆದಿರುವುದಿಲ್ಲ. ನಡುವೆ ನಿಲ್ದಾಣದ ಹೊರಗೆ ವಡಾಪಾವ್: ಬಟಾಟೆಯ ಪಿಷ್ಟಕ್ಕೆ ಕಡಲೆಹಿಟ್ಟಿನ ಹೊದಿಕೆ, ಅದರ ಮೇಲೆ ಮೈದಾದ ಪಾವು. ಸಂಜೆ ಎರಡು ಬಾರಿ ಸಕ್ಕರೆಯ ಚಹಾ. ರಾತ್ರಿ ಒಂಬತ್ತೂವರೆಗೆ ಮನೆ ಸೇರಿ, ಅಜ್ಜನು ಉಣ್ಣುತ್ತಿದ್ದಷ್ಟೇ ಅನ್ನ, ಉಂಡೊಡನೆ ನಿದ್ರೆ.

ಇದಕ್ಕೆ ದೇಹಪ್ರಕೃತಿಯ ಕಾರಣವೊಂದೂ ಸೇರಿಕೊಂಡಿದೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಮತ್ತು ಲಂಡನ್ನಿನ ಡಾ. ಜಾನ್ ಯಡ್ಕಿನ್ ಅವರು 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ದೇಹಗಳ ಅಳತೆಯನ್ನೇ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಲ್ಲಿಯೂ ಒಂದೇ, 22.3. ಆದರೆ ದೇಹದ ಕೊಬ್ಬು ಯಡ್ಕಿನ್ ಅವರಲ್ಲಿ ಶೇಕಡ 9.1, ಯಾಜ್ಞಿಕರಲ್ಲಿ ಶೇಕಡ 21.2. ನೋಡಲು ತೆಳ್ಳಗಿರುವ ಭಾರತೀಯನ ಒಳಗೂ ಕೊಬ್ಬು ಅಡಗಿರಬಲ್ಲುದು. ಹೊಟ್ಟೆಯ ಒಳಭಾಗದಲ್ಲಿ ಸೇರಿದ ಕೊಬ್ಬು ಇನ್ಸುಲಿನ್ನಿನ ಕಾರ್ಯಕ್ಕೆ ಅಡ್ಡಿಯಾಗುತ್ತದೆ. ಆದುದರಿಂದಲೇ ಭಾರತೀಯ ಪುರುಷರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರು, ಸ್ತ್ರೀಯರಿಗೆ 80 ಸೆಂಟಿಮೀಟರು ಮೀರಬಾರದೆಂದು ವೈದ್ಯರು ಹೇಳುತ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ನೆರವಿನಿಂದ ದೇಶಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ನಿಂತವರು 13 ಕೋಟಿ 60 ಲಕ್ಷ. ಪ್ರಮೇಹದ ಕಾರಣಗಳನ್ನು ಹೇಳುವಾಗ ಚರಕಸಂಹಿತೆಯು ಕುಳಿತೇ ಇರುವ ಸುಖ, ಅತಿನಿದ್ರೆ, ಹೊಸ ಧಾನ್ಯ, ಬೆಲ್ಲದ ಭಕ್ಷ್ಯಗಳನ್ನು ಹೆಸರಿಸಿರುವುದನ್ನು ಇಲ್ಲಿ ಸ್ಮರಿಸಬಹುದು. ಉಣ್ಣುವುದರ ಜತೆಗೆ ಕುಳಿತಿರುವುದನ್ನೂ ಆ ಪ್ರಾಚೀನರು ದೋಷವೆಂದು ಗುರುತಿಸಿದ್ದರು.

ಎಷ್ಟು, ಯಾವುದು, ಯಾವ ಕ್ರಮದಲ್ಲಿ?

ಅದೇ ಸಮೀಕ್ಷೆಯ ಆಹಾರಭಾಗವು 2025ರಲ್ಲಿ ಪ್ರಕಟವಾಗಿದೆ. ಭಾರತೀಯರ ಆಹಾರಶಕ್ತಿಯಲ್ಲಿ ಶೇಕಡ 62ರಷ್ಟು ಶರ್ಕರಪಿಷ್ಟದಿಂದ ಬರುತ್ತಿದೆ. ಅದರಲ್ಲಿ ಹೆಚ್ಚಿನದು ಪಾಲಿಶ್ ಮಾಡಿದ ಅಕ್ಕಿ, ಗಿರಣಿಯ ಗೋಧಿ ಮತ್ತು ಸಕ್ಕರೆಯ ರೂಪದ್ದು. ಗೃಹಿಣಿಯರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದು ಅದರಲ್ಲಿದೆ. ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ಬಳಸಿದರೂ ಒಟ್ಟು ಪಿಷ್ಟದ ಪಾಲು ಕಡಿಮೆಯಾಗದಿದ್ದರೆ ಮಧುಮೇಹದ ಸಂಭವ ತಗ್ಗಿದಂತೆ ಕಂಡುಬರಲಿಲ್ಲ. ಆಹಾರಶಕ್ತಿಯ ನೂರರಲ್ಲಿ ಐದು ಪಾಲು ಪಿಷ್ಟದಿಂದ ಬೇಳೆಕಾಳು ಅಥವಾ ಹಾಲುಮೊಸರಿನ ಪ್ರೋಟೀನಿಗೆ ಸರಿದಲ್ಲಿ ಸಂಭವ ತಗ್ಗಿರುವುದು ಕಂಡುಬಂದಿತು.

ನಾಲ್ಕು ಸೌಟು ಅನ್ನದ ಬದಲು ಆರು ಚಪಾತಿ ತಿಂದು ಪಥ್ಯ ಮಾಡಿದೆನೆಂದು ಸಮಾಧಾನಪಡುವವರಿಗೆ ಇದು ಉತ್ತರ. ನೂರು ಗ್ರಾಂ ಬೆಳ್ತಿಗೆ ಅಕ್ಕಿಯಲ್ಲಿ ಶರ್ಕರಪಿಷ್ಟ ಸುಮಾರು 78 ಗ್ರಾಂ, ನಾರು 3 ಗ್ರಾಂ. ರಾಗಿಯಲ್ಲಿ ಶರ್ಕರಪಿಷ್ಟ ಸುಮಾರು 67 ಗ್ರಾಂ, ನಾರು 11 ಗ್ರಾಂ. ನಾರಿನಲ್ಲಿಯೂ ಸುಣ್ಣದ ಅಂಶದಲ್ಲಿಯೂ ರಾಗಿ ಮೇಲು ಎಂಬುದು ನಿಜ. ಆದರೆ ಅದೂ ಪಿಷ್ಟದ ಧಾನ್ಯವೇ. ತೊಗರಿಬೇಳೆಯಲ್ಲಿಯಾದರೆ ಪ್ರೋಟೀನು ಸುಮಾರು 22 ಗ್ರಾಂ. ಒಂದು ಸೌಟು ಅನ್ನ ಕಡಿಮೆ, ಒಂದು ಸೌಟು ತೊವ್ವೆ ಹೆಚ್ಚು ಎಂಬುದೇ ಈ ದಿಕ್ಕಿನಲ್ಲಿ ಇಡಬೇಕಾದ ಮೊದಲ ಹೆಜ್ಜೆ. ಒಟ್ಟು ಆಹಾರಶಕ್ತಿಯಲ್ಲಿ ಧಾನ್ಯಗಳ ಪಾಲು ಶೇಕಡ 45ನ್ನು ಮೀರದಿರಲೆಂದು ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ.

ಅಕ್ಕಿ ಮತ್ತು ಬೇಳೆಗಳ ಜೋಡಿಯಂತೂ ಪರಂಪರೆಯು ನೀಡಿದ ವರ. ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಘಟಕ ಕಡಿಮೆ. ಬೇಳೆಯಲ್ಲಿ ಅದು ಯಥೇಚ್ಛ. ಬೇಳೆಯಲ್ಲಿ ಕೊರತೆಯಾಗಿರುವ ಮೆಥಿಯೊನೀನ್ ಅಕ್ಕಿಯಲ್ಲುಂಟು. ಇಡ್ಲಿಯ ಉದ್ದು, ಹುಗ್ಗಿಯ ಹೆಸರುಬೇಳೆ ಇವು ಈ ಹೊಂದಾಣಿಕೆಗೆ ನಿದರ್ಶನಗಳು. ಕಾಲಕ್ರಮದಲ್ಲಿ ಅಕ್ಕಿಯ ಪಾಲು ಬೆಳೆದು ಬೇಳೆಯ ಪಾಲು ತೆಳ್ಳಗಿನ ಸಾರಾಗಿ ಉಳಿದದ್ದು ಅಡುಗೆಯ ಲೋಪ, ಪರಂಪರೆಯ ಲೋಪವಲ್ಲ.

ಎಲೆಯ ಮೇಲಿನ ಕ್ರಮದಲ್ಲಿಯೂ ಒಂದು ಉಪಯೋಗವಿದೆ. ತರಕಾರಿ ಮತ್ತು ಪ್ರೋಟೀನುಗಳನ್ನು ಮೊದಲು ತಿಂದು ಪಿಷ್ಟವನ್ನು ಅನಂತರ ತಿಂದರೆ ಊಟದ ಬಳಿಕ ರಕ್ತದ ಸಕ್ಕರೆ ಕಡಿಮೆ ಏರುತ್ತದೆಂದು 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಎಲೆಯಲ್ಲಿ ಅನ್ನಕ್ಕಿಂತ ಮೊದಲೇ ಕೋಸಂಬರಿ ಮತ್ತು ಪಲ್ಯಗಳು ಬಂದು ಕುಳಿತಿರುತ್ತವೆ. ಪ್ರಾಣಾಹುತಿಯ ಅನಂತರ ಅವುಗಳನ್ನು ಮುಗಿಸಿ ಅನ್ನಕ್ಕೆ ಕೈಹಾಕಿದರೆ ಕ್ರಮವೂ ಉಳಿಯುತ್ತದೆ, ಪಥ್ಯವೂ ಆಗುತ್ತದೆ. ಉಂಡ ಮೇಲೆ ಹತ್ತು ಹದಿನೈದು ನಿಮಿಷಗಳ ನಡಿಗೆಯಿಂದ ಸ್ನಾಯುಗಳು ರಕ್ತದ ಸಕ್ಕರೆಯನ್ನು ತಾವೇ ಸೆಳೆದುಕೊಳ್ಳುತ್ತವೆ. ಗೃಹಸಂಕುಲದ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದರೂ ಸಾಕು.

ಬೆಲ್ಲದ ವಿಷಯದಲ್ಲಿ ಬಹುಜನರಿಗೆ ಭ್ರಮೆಯಿದೆ. ಬೆಲ್ಲದಲ್ಲಿ ಅಲ್ಪ ಪ್ರಮಾಣದ ಖನಿಜಗಳಿರುವುದು ದಿಟ. ಉಳಿದದ್ದು ಬಹುಪಾಲು ಸಕ್ಕರೆಯೇ. ಜೇನಿಗೂ ಇದೇ ಮಾತು. ಸೇರಿಸಿದ ಸಕ್ಕರೆಯು ಒಟ್ಟು ಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆಯಿರಲೆಂದೂ, ಇಪ್ಪತ್ತನೆಯ ಒಂದು ಪಾಲಿಗೆ ಇಳಿದರೆ ಇನ್ನೂ ಒಳ್ಳೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. 2000 ಕ್ಯಾಲೊರಿ ಉಣ್ಣುವವರಿಗೆ ಇದರ ಅರ್ಥ ದಿನಕ್ಕೆ 50 ಗ್ರಾಂ, ಇಳಿಸಿದರೆ 25 ಗ್ರಾಂ. ಎರಡು ಚಮಚ ಸಕ್ಕರೆಯ ಚಹಾವನ್ನು ದಿನಕ್ಕೆ ಮೂರು ಬಾರಿ ಕುಡಿದರೆ ಇದರಲ್ಲಿ ಎರಡನೆಯ ಮಿತಿ ಅಲ್ಲಿಗೇ ಮುಗಿಯುತ್ತದೆ.

ಉಪವಾಸದ ಹೆಸರಿನಲ್ಲಿ ಪಿಷ್ಟ

ಮಹಾರಾಷ್ಟ್ರದ ನೆರೆಹೊರೆಯಿಂದ ಮುಂಬಯಿಯ ಕನ್ನಡಿಗರ ಮನೆಗಳಿಗೂ ಉಪವಾಸದ ಸಾಬೂದಾಣೆ ಖಿಚಡಿ ಬಂದು ಸೇರಿದೆ. ಭಾರತದಲ್ಲಿ ಸಾಬೂದಾಣೆ ತಯಾರಾಗುವುದು ಮರಗೆಣಸಿನಿಂದ; ತಮಿಳುನಾಡಿನ ಸೇಲಂ ಅದಕ್ಕೆ ಪ್ರಸಿದ್ಧ. ಮರಗೆಣಸೂ ಅದರ ಸಂಗಾತಿಯಾದ ಬಟಾಟೆಯೂ ದಕ್ಷಿಣ ಅಮೆರಿಕದಿಂದ ಬಂದ ಬೆಳೆಗಳು. ನೂರು ಗ್ರಾಂ ಸಾಬೂದಾಣೆಯಲ್ಲಿ 87 ಗ್ರಾಂನಷ್ಟು ಶುದ್ಧ ಪಿಷ್ಟವಿದ್ದು, ಪ್ರೋಟೀನು ಮತ್ತು ನಾರು ಇಲ್ಲವೆಂಬಷ್ಟು ಅಲ್ಪ. ಅನ್ನವನ್ನು ಬಿಟ್ಟ ದಿನ ಅನ್ನಕ್ಕಿಂತ ಹೆಚ್ಚು ಪಿಷ್ಟವನ್ನು ಸೇವಿಸಿದಂತಾಯಿತು. ನಿರಾಹಾರ ಸಾಧ್ಯವಾಗದ ಅಶಕ್ತರಿಗೆ ಹಾಲು ಮತ್ತು ಹಣ್ಣು ಇವೇ ಇದಕ್ಕಿಂತ ಮೇಲು.

ಪಾರಣೆಯಲ್ಲಿಯೂ ವಿವೇಕ ಬೇಕು. ದ್ವಾದಶಿಗೆ ಅಗಸೆಸೊಪ್ಪನ್ನೂ ನೆಲ್ಲಿಕಾಯಿಯನ್ನೂ ಹಿರಿಯರು ಗೊತ್ತುಮಾಡಿದ್ದಾರೆ. ಇವುಗಳನ್ನು ಹೆಸರಿಗೆ ಮುಟ್ಟಿ, ಬರಿದಾದ ಹೊಟ್ಟೆಗೆ ಮೊದಲು ಪಾಯಸವನ್ನು ಸುರಿದರೆ ರಕ್ತದ ಸಕ್ಕರೆ ಒಮ್ಮೆಲೇ ಮೇಲೇರುತ್ತದೆ.

ಚಾತುರ್ಮಾಸ್ಯದ ನಾಲ್ಕು ವ್ರತಗಳಲ್ಲಿ ಒಂದು ಸೂಕ್ಷ್ಮವಿದೆ. ಮೊಸರು ಬಿಟ್ಟ ತಿಂಗಳಲ್ಲಿ ಹಾಲುಂಟು. ಹಾಲು ಬಿಟ್ಟ ತಿಂಗಳಲ್ಲಿ ಮೊಸರುಂಟು. ದ್ವಿದಳ ಬಿಟ್ಟ ಕೊನೆಯ ತಿಂಗಳಲ್ಲಿ ಹಾಲು ಮೊಸರು ಎರಡೂ ಉಂಟು. ಪ್ರೋಟೀನಿನ ಮೂಲಗಳು ಒಟ್ಟಿಗೆ ನಿಂತುಹೋಗುವ ತಿಂಗಳೇ ಇಲ್ಲ. ಹೀಗಿದ್ದೂ ದ್ವಿದಳವ್ರತದಲ್ಲಿ ಬೇಳೆಯ ಜಾಗವನ್ನು ಅನ್ನದಿಂದಲೇ ತುಂಬಿದರೆ, ಶಾಕವ್ರತದಲ್ಲಿ ಪಲ್ಯದ ಜಾಗವನ್ನು ಅವಲಕ್ಕಿಯಿಂದಲೇ ತುಂಬಿದರೆ, ತಪ್ಪು ವ್ರತದ್ದಲ್ಲ.

ಮಧುಮೇಹಿಗಳೂ ವ್ರತವೂ

ಇನ್ನು ಈ ಉಪನ್ಯಾಸದ ಅತಿಮುಖ್ಯ ವಿಷಯ. ಆರೋಗ್ಯವಂತನಿಗೆ ನಿರಪಾಯವಾದ 42 ಗಂಟೆಗಳ ಉಪವಾಸವು ಮಧುಮೇಹದ ಔಷಧ ಸೇವಿಸುವವನಿಗೆ ಪ್ರಾಣಾಪಾಯವನ್ನು ತರಬಲ್ಲುದು. ಇನ್ಸುಲಿನ್ ಚುಚ್ಚುಮದ್ದು ಹಾಗೂ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳು ಊಟವಿರಲಿ ಇಲ್ಲದಿರಲಿ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳನ್ನು ಸೇವಿಸುವವರಿಗೆ ನಿರಾಹಾರದಲ್ಲಿ, ಅದರಲ್ಲಿಯೂ ನಿರ್ಜಲದಲ್ಲಿ, ನೀರಿನಂಶ ಬತ್ತುವ ಹಾಗೂ ರಕ್ತದಲ್ಲಿ ಕೀಟೋನುಗಳು ಮಿತಿಮೀರಿ ಆಮ್ಲತೆ ಏರುವ ಭಯವಿದೆ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಅಪಾಯ ಕಡಿಮೆ.

ರಕ್ತದ ಸಕ್ಕರೆಯು ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತೊದಲುವುದು ಮೊದಲಾದ ಲಕ್ಷಣಗಳು ತೋರುತ್ತವೆ. ಕೂಡಲೇ ಮೂರು ಚಮಚ, ಅಂದರೆ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಬೇಕು. 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಏಕಾದಶಿಯ ಸಂಜೆ ವೃದ್ಧರು ಬೆವತು ಮಂಕಾಗಿ ಕುಳಿತರೆ ಅದನ್ನು ಉಪವಾಸದ ಆಯಾಸವೆಂದು ಬಗೆದು ಸುಮ್ಮನಿರುವುದು ದೊಡ್ಡ ಪ್ರಮಾದ.

ಅನೇಕ ಮನೆಗಳಲ್ಲಿ ಹಿರಿಯರು ವ್ರತವನ್ನು ವೈದ್ಯರಿಂದ ಮುಚ್ಚಿಡುತ್ತಾರೆ, ಬೈಗುಳದ ಭಯದಿಂದ. ರೋಗವನ್ನು ಪುರೋಹಿತರಿಂದ ಮುಚ್ಚಿಡುತ್ತಾರೆ, ಸಂಕೋಚದಿಂದ. ಮಾತ್ರೆಯನ್ನು ತಾವೇ ಬಿಡುತ್ತಾರೆ, ಇಲ್ಲವೇ ಹೊಟ್ಟೆಗೇನೂ ಇಲ್ಲದೆ ನುಂಗುತ್ತಾರೆ. ಈ ಎರಡೂ ಮುಚ್ಚುಮರೆಗಳು ಹೋಗಬೇಕು. ವ್ರತದ ವಾರಕ್ಕೆ ಮುಂಚಿತವಾಗಿ ವೈದ್ಯರಿಗೆ ಪಂಚಾಂಗದ ದಿನವನ್ನು ತಿಳಿಸಿದರೆ ಅವರು ಔಷಧದ ಪ್ರಮಾಣವನ್ನು ಹೊಂದಿಸಿಕೊಡಬಲ್ಲರು, ಅಥವಾ ಉಪವಾಸ ಕೂಡದೆಂದು ಹೇಳಬಲ್ಲರು. ಇನ್ಸುಲಿನ್ನಿನ ಮೇಲೆಯೇ ಜೀವಿಸುವವರು, ಗರ್ಭಿಣಿಯರು, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯುಳ್ಳವರು ನಿರಾಹಾರಕ್ಕೆ ತೊಡಗಲೇಬಾರದು.

ಇದರಿಂದ ಧರ್ಮಲೋಪವಾಯಿತೆಂದು ಕೊರಗಬೇಕಾಗಿಲ್ಲ. ಉಪವಾಸದ ವಿಧಿಯು ಎಂಟರಿಂದ ಎಂಬತ್ತು ವರ್ಷದವರಿಗೆಂದು ಹೇಳಿದ ಶಾಸ್ತ್ರಕಾರರೇ ಅಶಕ್ತರಿಗೆ ಅನುಕಲ್ಪಗಳನ್ನೂ ಹೇಳಿದ್ದಾರೆ. ಔಷಧದಿಂದಲೂ ಗುರುವಿನ ಮಾತಿನಿಂದಲೂ ವ್ರತಕ್ಕೆ ಭಂಗ ಬಾರದೆಂಬುದು ಧರ್ಮಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ತನಗೆ ಯಾವುದು ತಕ್ಕದ್ದೆಂಬುದನ್ನು ವೈದ್ಯರ ವರದಿಯೊಡನೆ ಶ್ರೀಮಠದ ವಿದ್ವಾಂಸರನ್ನು ಕೇಳಿ ತಿಳಿಯುವುದು ಉಚಿತ. ಅನ್ನವನ್ನು ತೊರೆಯಲಾಗದವರೂ ಜಪ, ಪಾರಾಯಣ, ಹರಿಕಥಾಶ್ರವಣಗಳಿಂದ ಆ ದಿನವನ್ನು ಹರಿದಿನವನ್ನಾಗಿಸಬಹುದು.

ಉಪಸಂಹಾರ

ಮನೆಯಲ್ಲಿ ಮೂವತ್ತು ವಯಸ್ಸು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ನೂರಕ್ಕಿಂತ ಕಡಿಮೆಯಿದ್ದರೆ ಸಹಜ. 100ರಿಂದ 125ರವರೆಗೆ ಎಚ್ಚರಿಕೆ. 126 ಅಥವಾ ಹೆಚ್ಚೆಂದು ಮತ್ತೊಂದು ಪರೀಕ್ಷೆಯಲ್ಲಿಯೂ ಖಚಿತವಾದರೆ ಮಧುಮೇಹ. ಎಚ್ಚರಿಕೆಯ ಹಂತದಲ್ಲಿರುವವರಲ್ಲಿ ಹಲವರು ಆಹಾರ ಮತ್ತು ನಡಿಗೆಗಳಿಂದಲೇ ಹಿಂದಿರುಗಬಲ್ಲರು. ರಾತ್ರಿಯ ಅನ್ನವನ್ನು ಇಳಿಸುವುದು, ತೊವ್ವೆ ಮತ್ತು ಮಜ್ಜಿಗೆಯನ್ನು ಏರಿಸುವುದು, ಪಲ್ಯವನ್ನು ಅನ್ನದಷ್ಟೇ ಬಡಿಸುವುದು, ಸಮಾರಾಧನೆಯಲ್ಲಿ ಸಾಕೆಂದವರಿಗೆ ಒತ್ತಾಯದ ಬಡಿಕೆಯನ್ನು ನಿಲ್ಲಿಸುವುದು, ಇವು ಯಾವುದೂ ಕಷ್ಟಸಾಧ್ಯವಲ್ಲ.

ಅತಿಯಾಗಿ ಉಣ್ಣುವವನಿಗೂ ಉಣ್ಣದೇ ಇರುವವನಿಗೂ ಯೋಗವು ಸಿದ್ಧಿಸದೆಂದು ಗೀತಾಚಾರ್ಯನು ಆರನೆಯ ಅಧ್ಯಾಯದಲ್ಲಿ ಎಚ್ಚರಿಸಿದ್ದಾನೆ. ಎಲೆಯ ಮೇಲಿನ ಅನ್ನವನ್ನು ಭಯದಿಂದಲೂ ನೋಡದೆ ಲೋಭದಿಂದಲೂ ನೋಡದೆ, ಪ್ರಸಾದವೆಂದು ಮಿತವಾಗಿ ಸ್ವೀಕರಿಸಿ, ಆ ಶಕ್ತಿಯನ್ನು ಸತ್ಕರ್ಮದಲ್ಲಿ ವಿನಿಯೋಗಿಸುವ ಆರೋಗ್ಯಭಾಗ್ಯವನ್ನು ಹರಿವಾಯುಗುರುಗಳು ಎಲ್ಲ ಭಕ್ತಕುಟುಂಬಗಳಿಗೂ ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥